ಬೀಟ್‌ರೂಟ್ ಬಿಸ್ಕತ್ತಿನ ಗಿರಾಕಿ

ನಮ್ಮ ಚಿಕ್ಕಮ್ಮನದು ಅಂಗಡಿಯಿಲ್ಲದ ವ್ಯಾಪಾರ. ದುಡ್ಡು ಹಾಕಿ ಗುಂಡಿ ಒತ್ತಿದರೆ ಒಳಗಿನ ಸುರುಳಿ ತಿರುಗಿ ತಿಂಡಿಯ ಪೊಟ್ಟಣ ದೊಪ್ಪನೆ ಕೆಳಗೆ ಬೀಳುತ್ತದಲ್ಲ, ಅಂಥ ವೆಂಡಿಂಗ್ ಮಷೀನುಗಳು ಅವಳ ಬಳಿ ಏಳಿದ್ದವು. ಈಜುಕೊಳದ ಬಾಗಿಲಲ್ಲಿ ಒಂದು, ಡ್ರೈವಿಂಗ್ ಪರೀಕ್ಷೆ ನಡೆಸುವ ಕಚೇರಿಯಲ್ಲಿ ಒಂದು, ಲಾಂಡ್ರಿಯಲ್ಲಿ ಒಂದು, ಹೀಗೆ. ಹಿಂದೆ ಅವಳು ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕಿದ್ದಳು. ಕಾರ್ಖಾನೆ ಬಾಗಿಲು ಹಾಕಿದಾಗ ತನ್ನ ಅಣ್ಣನನ್ನು, ಎಂದರೆ ನಮ್ಮ ದೊಡ್ಡಮಾವನನ್ನು, ಪಾಲಿಗೆ ಸೇರಿಸಿಕೊಂಡು ಇದನ್ನು ಶುರುಮಾಡಿದಳು. ಶಾಲಾ ಬಸ್ಸು ಓಡಿಸುತ್ತಿದ್ದ ಚಿಕ್ಕಪ್ಪ ಆ ಕೆಲಸ ಬಿಟ್ಟು ವ್ಯಾನು ಹಿಡಿದ. ಮಷೀನುಗಳಿಗೆ ಸರಕು ತುಂಬುವುದು ಅವನ ಪಾಲಿಗೆ ಬಂತು, ಮನೆಯ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಲೆಕ್ಕ ನೋಡುವುದು ಅವಳ ಪಾಲಿಗೆ.

ಆ ಕಂಪ್ಯೂಟರು ಬಲು ಚುರುಕು. ಯಾವ ಮೂಲೆಯ ಮಷೀನಿನಲ್ಲಿ ಏನು ಮಾರಾಟವಾದರೂ ಇಲ್ಲಿ ‘ಟಿಂಗ್’ ಎನ್ನುತ್ತಿತ್ತು. ಚೆನ್ನಾಗಿ ಹೋಗುವ ಸರಕಿನ ಪಕ್ಕ ಹಸಿರು ಬಾಣ ಮೇಲಕ್ಕೆ ಏಳುತ್ತಿತ್ತು, ಹೋಗದ್ದರ ಪಕ್ಕ ಕೆಂಪು ಬಾಣ ತಲೆ ತಗ್ಗಿಸುತ್ತಿತ್ತು. ಹಸಿರು ಬಾಣದ ಸರಕನ್ನು ಮುಂದಿನ ವಾರಕ್ಕೆ ಹೆಚ್ಚಿಗೆ ತರಿಸುವ ಆರ್ಡರನ್ನೂ ಅದೇ ಬರೆದಿಡುತ್ತಿತ್ತು. ಚಿಕ್ಕಮ್ಮ ಹುರುಳಿಕಾಯಿ ಸೋಸುತ್ತ ಕೂತಲ್ಲಿಂದಲೇ ಏಳೂ ಮಷೀನುಗಳ ಹೊಟ್ಟೆಯಲ್ಲಿ ಏನೇನಿದೆಯೆಂದು ಹೇಳಬಲ್ಲವಳಾದಳು.

ಹೀಗಿರುವಾಗ ಒಬ್ಬ ಸೇಲ್ಸ್‌ಮನ್ ಬಂದು ಬೀಟ್‌ರೂಟ್ ಬಿಸ್ಕತ್ತಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟ. ರಕ್ತಕ್ಕೆ ಒಳ್ಳೆಯದು, ಕಣ್ಣಿಗೆ ಒಳ್ಳೆಯದು ಎಂದು ಬಾಯಿತುಂಬ ಹೊಗಳಿದ. ಅಂದು ಚಿಕ್ಕಮ್ಮನಿಗೆ ಮೂಗು ಕಟ್ಟುವಷ್ಟು ನೆಗಡಿ. ಒಂದು ಬಿಸ್ಕತ್ತನ್ನು ಕಚ್ಚಿ ನೋಡಿದಳು, ಕರುಂ ಎಂದಿತು. ಬಣ್ಣವೂ ಚೆನ್ನಾಗಿತ್ತು. ಏಳೂ ಮಷೀನುಗಳಿಗೆ ತರಿಸಿಬಿಟ್ಟಳು.

ಒಂದೂ ಟಿಂಗ್ ಎನ್ನಲಿಲ್ಲ.

ಆ ಭಾನುವಾರ ದೊಡ್ಡಮಾವ ಬಂದವನು ಬೂಟು ಕಳಚುವ ಮೊದಲೇ ಕಂಪ್ಯೂಟರಿನೊಳಗೆ ತಲೆಯಿಟ್ಟ.

“ಏನ್ ಪುಟ್ಟೀ ಇದು, ಕೆಂಪು ಬಾಣ ಪಾತಾಳಕ್ಕೆ ಇಳಿದಿದೆ? ಬಿಸ್ಕತ್ತು ಆರಿಸೋಕೂ ಸ್ವಲ್ಪ ತಲೆ ಬೇಕಮ್ಮ. ಸ್ಟೋರ್ಸ್‌ನಲ್ಲಿ ನಟ್ಟು ಬೋಲ್ಟು ಎಣಿಸಿದ ಹಾಗಲ್ಲ.”

ಚಿಕ್ಕಮ್ಮ ಅಡುಗೆಮನೆಗೆ ಹೋಗಿ, ಆಗಲೇ ತೊಳೆದು ಮಗುಚಿಟ್ಟಿದ್ದ ಪಾತ್ರೆಗಳನ್ನೆಲ್ಲ ಮತ್ತೆ ತೊಳೆಯತೊಡಗಿದಳು. ಬಾಗಿಲಲ್ಲಿ ನಿಂತು ಚಿಕ್ಕಪ್ಪ ಅದನ್ನು ನೋಡಿದ.

ಮಾರನೆಯ ದಿನ ಈಜುಕೊಳದ ಮಷೀನಿಗೆ ನೀರಿನ ಬಾಟಲಿ ತುಂಬಿದವನು ಅದರ ಬಾಗಿಲಿಗೆ ಬೀಗ ಹಾಕಿ, ಅತ್ತಿತ್ತ ನೋಡಿ, ತನ್ನ ಜೇಬಿನ ಚಿಲ್ಲರೆ ಹಾಕಿ ಬೀಟ್‌ರೂಟಿನ ಗುಂಡಿ ಒತ್ತಿದ. ಪೊಟ್ಟಣ ಬಿತ್ತು. ವ್ಯಾನಿನಲ್ಲಿ ಕೂತು ತಿಂದ. ಹಸಿ ಮಣ್ಣಿಗೆ ಸಕ್ಕರೆ ಕಲಸಿ ಸುಟ್ಟಂತಿತ್ತು. ತಿನ್ನುವ ಪದಾರ್ಥವನ್ನು ಎಸೆಯುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ನೀರು ಕುಡಿದು ಕುಡಿದು ಮುಗಿಸಿದ.

ಮನೆಗೆ ಬಂದರೆ ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು.

“ರೀ, ಬೀಟ್‌ರೂಟ್ ಹೋಯ್ತು! ಈಜುಕೊಳದಲ್ಲಿ! ಯಾರೋ ಪುಣ್ಯಾತ್ಮ ತಗೊಂಡಿದಾನೆ.”

“ಹೌದಾ? ನೋಡ್ದ್ಯಾ ಮತ್ತೆ,” ಎಂದ ಚಿಕ್ಕಪ್ಪ, ತುಟಿ ಒರೆಸಿಕೊಳ್ಳುತ್ತ.

ಒಂದೇ ಸಲ ಎಂದುಕೊಂಡಿದ್ದ. ಆದರೆ ಆ ಸಂಜೆ ಅವಳು ಹಾಡು ಗುನುಗುತ್ತ ಬಟ್ಟೆ ಮಡಿಸಿದ್ದನ್ನು ಕೇಳಿದ ಮೇಲೆ ನಿಲ್ಲಿಸುವುದು ಹೇಗೆ? ಮರುದಿನ ಲಾಂಡ್ರಿಯಲ್ಲಿ ಕೊಂಡ. ಆಮೇಲೆ ಡ್ರೈವಿಂಗ್ ಕಚೇರಿಯಲ್ಲಿ. ಒಂದೇ ಕಡೆ ಹೋದರೆ ಅನುಮಾನ ಬಂದೀತೆಂದು ಏಳೂ ಕಡೆ ಸರದಿಯ ಮೇಲೆ ಕೊಂಡ. ಇತ್ತ ಚಿಕ್ಕಮ್ಮ ಪ್ರತಿ ಟಿಂಗಿಗೂ ಒಂದು ಅರ್ಥ ಹುಡುಕುತ್ತಿದ್ದಳು.

“ಡ್ರೈವಿಂಗ್ ಪರೀಕ್ಷೇಲಿ ಫೇಲಾದೋರಿಗೆ ಸುಸ್ತಾಗಿರತ್ತೆ ನೋಡಿ. ರಕ್ತಕ್ಕೆ ಒಳ್ಳೇದು ಅಂತ ಇದನ್ನೇ ತಗೋತಾರೆ.”

“ಇರಬಹುದು,” ಎಂದು ಚಿಕ್ಕಪ್ಪ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದ. ಊಟಕ್ಕೆ ಹೊಟ್ಟೆಯಲ್ಲಿ ಜಾಗವೇ ಇರುತ್ತಿರಲಿಲ್ಲ.

ಅವನು ತಿಂದಷ್ಟೂ ಹಸಿರು ಬಾಣ ಏರಿತು. ಬಾಣ ಏರಿದಷ್ಟೂ ಕಂಪ್ಯೂಟರು ಹೆಚ್ಚು ತರಿಸಿತು. ಆಲೂಗಡ್ಡೆ ಚಿಪ್ಸಿನ ಸಾಲನ್ನು ತೆಗೆದು ಅಲ್ಲಿಗೂ ಬೀಟ್‌ರೂಟ್ ಹಾಕಿರೆಂದು ಅದು ಸಲಹೆ ಕೊಟ್ಟ ದಿನ, ತನ್ನ ಕೈಯಾರೆ ಚಿಪ್ಸ್ ತೆಗೆದು ಬೀಟ್‌ರೂಟ್ ಜೋಡಿಸುತ್ತ ಚಿಕ್ಕಪ್ಪನಿಗೆ ಅಳುವೇ ಬಂತು. ಈಜುಕೊಳದ ಕಾವಲುಗಾರನಿಗೆ ಒಂದು ಪೊಟ್ಟಣ ಕೊಟ್ಟು ನೋಡಿದ. ಆಮೇಲೆ ವ್ಯಾನು ಕಂಡರೆ ಸಾಕು, ಆತ ಬೀಗದ ಕೈ ಹುಡುಕುವವನಂತೆ ಹಿತ್ತಿಲ ಕಡೆ ನಡೆದುಬಿಡುತ್ತಿದ್ದ.

ದೊಡ್ಡಮಾವನ ರಾಗವೂ ಬದಲಾಯಿತು. ಸಿಕ್ಕಿದವರಿಗೆಲ್ಲ, “ನಾನೇ ಹೇಳಿದ್ದು ನಮ್ಮ ಪುಟ್ಟೀಗೆ. ಈಗಿನ ಜನಕ್ಕೆ ಆರೋಗ್ಯದ್ದು ಬೇಕು ಕಣಮ್ಮ, ಬೀಟ್‌ರೂಟ್ ಇಡು ಅಂತ,” ಎನ್ನುತ್ತಿದ್ದ. ಯಾರನ್ನೂ ಕೇಳದೆ ಬಿಸ್ಕತ್ತು ತಯಾರಿಸುವವರಿಗೆ ನೇರವಾಗಿ ಫೋನು ಮಾಡಿ, ರಿಯಾಯಿತಿಗೆ ಚೌಕಾಸಿ ಮಾಡಿ, ಒಂದು ಲಾರಿ ಸರಕಿಗೆ ಹೇಳಿಯೂಬಿಟ್ಟ.

ಹೀಗೇ ನಡೆಯುತ್ತಿರುವಾಗ ಒಂದು ಬೆಳಿಗ್ಗೆ ಚಿಕ್ಕಪ್ಪ ಬಚ್ಚಲಿನಿಂದ ಸುಣ್ಣದಂಥ ಮುಖ ಮಾಡಿಕೊಂಡು ಹೊರಬಂದ. ಗೋಡೆ ಹಿಡಿದು ನಿಂತು, ಮೆಲ್ಲನೆ ಹೇಳಿದ.

“ನೋಡೇ, ನನ್ನ ಕಥೆ ಮುಗೀತು ಅಂತ ಕಾಣತ್ತೆ. ವ್ಯಾನಿನ ಇನ್ಶೂರೆನ್ಸ್ ಕಾಗದ ಬೀರುವಿನ ಮೇಲಿದೆ.”

“ಏನಾಯ್ತು ರೀ?”

“ಕೆಂಪಗೆ ಹೋಗ್ತಿದೆ.”

ಚಿಕ್ಕಮ್ಮ ಒಲೆ ಆರಿಸಿದಳು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅವನದು ಮೆಟ್ಟಿಕೊಂಡು, ಗಂಡನನ್ನು ದರದರ ಎಳೆದು ವ್ಯಾನು ಹತ್ತಿಸಿ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೊರಡಿಸಿದಳು. ಡಾಕ್ಟರಮ್ಮ ಹೊಟ್ಟೆ ಅದುಮಿದರು, ಬೆನ್ನು ತಟ್ಟಿದರು, ನಾಲಿಗೆ ಚಾಚಿಸಿದರು. ನಾಲಿಗೆಯನ್ನು ಕಂಡು ಕನ್ನಡಕ ಸರಿಮಾಡಿಕೊಂಡರು.

“ಬೀಟ್‌ರೂಟ್ ಏನಾದ್ರೂ ತಿಂತಿದೀರಾ?”

“ಇಲ್ಲ ಡಾಕ್ಟ್ರೇ,” ಚಿಕ್ಕಮ್ಮನೇ ಉತ್ತರ ಕೊಟ್ಟಳು. “ಇವರಿಗೆ ಬೀಟ್‌ರೂಟ್ ಅಂದ್ರೇನೇ ಆಗಲ್ಲ. ಮದುವೆಯಾದಾಗಿಂದ ಮನೆಗೇ ತಂದಿಲ್ಲ.”

ಚಿಕ್ಕಪ್ಪ ಗೋಡೆಯ ಮೇಲಿದ್ದ ಮೂತ್ರಪಿಂಡದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಆಮೇಲೆ ಕೇಳಿದ.

“ಬಿಸ್ಕತ್ತು ಲೆಕ್ಕಕ್ಕೆ ಬರುತ್ತಾ ಡಾಕ್ಟ್ರೇ?”

“ಯಾವ ಬಿಸ್ಕತ್ತು? ದಿನಕ್ಕೆ ಎಷ್ಟು ತಿಂತೀರಿ?”

“ಅದು... ಇವಳ ಕಂಪ್ಯೂಟರ್‌ನಲ್ಲಿ ಇರತ್ತೆ ನೋಡಿ.”

ಡಾಕ್ಟರಮ್ಮನಿಗೆ ಏನೂ ಅರ್ಥವಾಗಲಿಲ್ಲ, ಚಿಕ್ಕಮ್ಮನಿಗೆ ಎಲ್ಲವೂ ಅರ್ಥವಾಯಿತು. ಇದು ಕಾಯಿಲೆಯಲ್ಲ, ಬರೀ ಬೀಟ್‌ರೂಟಿನ ಬಣ್ಣ, ತಿನ್ನುವುದು ಬಿಟ್ಟರೆ ತಾನಾಗಿ ಹೋಗುತ್ತದೆ ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು.

ಇಬ್ಬರೂ ವ್ಯಾನು ಹತ್ತಿದರು. ಚಿಕ್ಕಪ್ಪ ಕೀಲಿ ತಿರುಗಿಸದೆ ಸ್ಟೇರಿಂಗ್ ಹಿಡಿದು ಕೂತ.

“ಎಲ್ಲಾನೂ ನೀವೇನಾ?” ಚಿಕ್ಕಮ್ಮ ಕೇಳಿದಳು.

“ಒಂದು ಕಾವಲುಗಾರನಿಗೆ ಕೊಟ್ಟಿದ್ದೆ.”

“ಯಾಕ್ರೀ?”

“ಅವತ್ತು ತೊಳೆದ ಪಾತ್ರೆನೇ ತೊಳೀತಿದ್ಯಲ್ಲ. ನನಗೆ ನೋಡೋಕಾಗ್ಲಿಲ್ಲ. ನಿಮ್ಮಣ್ಣನಿಗೆ ಎದುರು ಹೇಳೋ ಧೈರ್ಯ ಇರ್ಲಿಲ್ಲ. ಬಿಸ್ಕತ್ತು ತಿನ್ನೋ ಧೈರ್ಯ ಇತ್ತು.”

ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಹಿಂದಿನ ಸೀಟಿನ ರಟ್ಟಿನ ಪೆಟ್ಟಿಗೆಯಿಂದ ಒಂದು ಪೊಟ್ಟಣ ಎಳೆದು, ಹರಿದು, ಒಂದನ್ನು ಬಾಯಿಗೆ ಹಾಕಿಕೊಂಡಳು. ಈಗ ನೆಗಡಿ ಇರಲಿಲ್ಲ. ಎರಡು ಸಲ ಅಗಿದವಳು ಬಾಗಿಲು ತೆಗೆದು ಚರಂಡಿಗೆ ಉಗಿದಳು.

“ಅಯ್ಯಯ್ಯೋ! ಇದನ್ನ ತಿಂದ್ರಾ ನೀವು? ದುಡ್ಡು ಕೊಟ್ಟು?”

“ಅಭ್ಯಾಸ ಆಗತ್ತೆ ಅಂದ್ಕೊಂಡಿದ್ದೆ. ಆಗಲಿಲ್ಲ.”

ಅಲ್ಲಿಂದ ಶುರುವಾದ ನಗು ಹೊಟ್ಟೆ ಹಿಡಿದುಕೊಳ್ಳುವ ತನಕ ಹೋಯಿತು. ಕ್ಲಿನಿಕ್ಕಿಗೆ ಬಂದ ರೋಗಿಗಳು ವ್ಯಾನಿನೊಳಗೆ ಬಗ್ಗಿ ನೋಡಿದರು. ಅಷ್ಟರಲ್ಲಿ ದೊಡ್ಡಮಾವನ ಫೋನು ಬಂತು. ಲಾರಿ ಸರಕು ಇಳಿಸಿ ಹೋಗಿದೆ, ಬೇಗ ಬನ್ನಿ ಎಂದ.

ದೊಡ್ಡಮಾವನ ಮನೆಯಲ್ಲಿ ಮೆಟ್ಟಿಲಿನಿಂದ ಮಲಗುವ ಕೋಣೆಯ ತನಕ ಪೆಟ್ಟಿಗೆಗಳೇ. ಅತ್ತೆ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಒಳಗೆ ಹೋಗಬೇಕಾದರೆ ಅಡ್ಡಡ್ಡ ನಡೆಯಬೇಕಿತ್ತು. ಚಿಕ್ಕಮ್ಮ ನಡೆದದ್ದನ್ನೆಲ್ಲ ಹೇಳಿದಳು.

“ಸುಮ್ನಿರು ಪುಟ್ಟಿ. ಕಂಪ್ಯೂಟರ್ ಸುಳ್ಳು ಹೇಳುತ್ತಾ?”

“ಅದು ಸುಳ್ಳು ಹೇಳಿಲ್ಲ ಅಣ್ಣ. ಮಾರಾಟ ಆಗಿದ್ದು ನಿಜ. ಗಿರಾಕಿ ಇಲ್ಲಿ ನಿಂತಿದಾರೆ.”

ಚಿಕ್ಕಪ್ಪ ನಾಲಿಗೆ ಚಾಚಿ ತೋರಿಸಿದ.

ದೊಡ್ಡಮಾವ ಇದುವರೆಗೆ ಆ ಬಿಸ್ಕತ್ತಿನ ರುಚಿ ನೋಡಿದವನಲ್ಲ. ಎಲ್ಲರೂ ನೋಡುತ್ತಿದ್ದಾರೆಂದು ಒಂದನ್ನು ಪೂರ್ತಿ ಬಾಯಿಗೆ ಹಾಕಿಕೊಂಡು ಅಗಿದ. ಕಣ್ಣಲ್ಲಿ ನೀರು ತುಂಬಿತು. ನುಂಗಿದ.

“ಚೆನ್ನಾಗೇ ಇದೆಯಲ್ಲ,” ಎಂದ.

“ಹಾಗಾದ್ರೆ ಒಳ್ಳೇದಾಯ್ತು,” ಎಂದಳು ಅತ್ತೆ. “ನಾಳೆಯಿಂದ ನಿಮಗೆ ಬೆಳಗಿನ ತಿಂಡಿಗೆ ಇದೇ. ನನಗೂ ಕೆಲಸ ಕಡಿಮೆ.”

ಮೂರನೆಯ ದಿನ ದೊಡ್ಡಮಾವನೇ ಫೋನು ಮಾಡಿದ. “ಭಾವ, ದಮ್ಮಯ್ಯ, ಹೇಗಾದ್ರೂ ಮಾಡಿ ಇದನ್ನ ತಗೊಂಡು ಹೋಗಿ,” ಎಂದ. ಆಮೇಲೆ ದನಿ ತಗ್ಗಿಸಿ, “ಅವತ್ತು ಪುಟ್ಟೀಗೆ ಹಾಗೆ ಅನ್ನಬಾರದಿತ್ತು ನಾನು,” ಎಂದ. ಚಿಕ್ಕಪ್ಪ ಅದನ್ನು ಫೋನಿನ ಸ್ಪೀಕರು ಹಾಕಿ ಇನ್ನೊಮ್ಮೆ ಹೇಳಿಸಿದ.

ಚಿಕ್ಕಮ್ಮ ಕಂಪ್ಯೂಟರಿನ ಪಟ್ಟಿಯಿಂದ ಬೀಟ್‌ರೂಟನ್ನು ತೆಗೆದುಹಾಕಿ, ಚಿಪ್ಸನ್ನು ಅದರ ಜಾಗಕ್ಕೆ ಕೂರಿಸಿದಳು. ಅಷ್ಟೊಂದು ಬಿಸ್ಕತ್ತಿಗೆ ಊರಾಚೆ ಕುದುರೆ ಸವಾರಿ ಕಲಿಸುವವನೊಬ್ಬ ಸಿಕ್ಕಿದ. ಇಬ್ಬರೂ ವ್ಯಾನಿನಲ್ಲಿ ಒಯ್ದು ಕೊಟ್ಟರು. ಒಂದು ಕಂದು ಕುದುರೆ ಚಿಕ್ಕಮ್ಮನ ಅಂಗೈಯಿಂದ ಬಿಸ್ಕತ್ತು ತಿಂದು, ತಲೆ ಕೊಡವಿ, ಇನ್ನೂ ಬೇಕೆಂದು ಅವಳ ಭುಜಕ್ಕೆ ಮೂತಿ ಒತ್ತಿತು. ಚಿಕ್ಕಮ್ಮನ ಮುಖ ಊರಗಲವಾಯಿತು. ಮೈದಾನದ ಸುತ್ತ ಕಣ್ಣಾಡಿಸಿ, ಲಾಯದ ಪಕ್ಕದ ನೆರಳಿನಲ್ಲಿ ಖಾಲಿ ಜಾಗವನ್ನೂ ಗೋಡೆಯಲ್ಲಿ ಕರೆಂಟಿನ ಪ್ಲಗ್ಗನ್ನೂ ಗುರುತಿಸಿದಳು.

“ರೀ, ಇಲ್ಲೊಂದು ಮಷೀನ್ ಇಡೋಣ್ವಾ?”

“ಕುದುರೆಗೆ ಗುಂಡಿ ಒತ್ತೋಕೆ ಬರಲ್ಲ ಕಣೇ.”

“ಕುದುರೆಗಲ್ಲ ರೀ, ಸವಾರಿಗೆ ಬರೋರಿಗೆ. ಮಾಲೀಕರನ್ನ ಕೇಳ್ಕೊಂಡು ಬರ್ತೀನಿ, ಇರಿ,” ಎಂದು ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಚಿಕ್ಕಪ್ಪ ವ್ಯಾನಿನ ಹಿಂದಿನ ಬಾಗಿಲು ತೆಗೆದು, ಅಳತೆಯ ಟೇಪು ಹುಡುಕತೊಡಗಿದ.