ಮೋಟಾರಿನ ಗೋಡೆಗೆ ಬೆನ್ನು

ಬ್ಯಾಡಗಿ ಸ್ಟೇಷನ್ನಿನಲ್ಲಿ ರೈಲು ಪೂರ್ತಿ ನಿಲ್ಲುವ ಮೊದಲೇ ಗಂಗಾ ಇಳಿದುಬಿಟ್ಟಳು. ಧಾರವಾಡದಿಂದ ಇಲ್ಲಿಯವರೆಗೆ ಬಾಯಿ ಮುಚ್ಚಿಕೊಂಡು ಬಂದದ್ದೇ ದೊಡ್ಡದು. ಅವಳ ಸಂಶೋಧನೆ ಕೈಹಿಡಿದಿತ್ತು. ತಂತಿಯ ಸುರುಳಿಗೆ ಮನೆಗೆ ಬರುವಂಥದೇ ಕರೆಂಟು ಹರಿಸಿ, ಅದರ ನಡುವೆ ಹುಟ್ಟುವ ಕಾಂತದ ಸೆಳೆತದಲ್ಲಿ ಇನ್ಸುಲಿನ್ ತಯಾರಿಸುವ ಇಲಿಯ ಜೀವಕಣಗಳನ್ನಿಟ್ಟು ನೋಡಿದ್ದಳು. ಎಷ್ಟು ಸಲ ಮಾಡಿದರೂ ಒಂದೇ ಉತ್ತರ. ಎಂದೂ ಮೆಚ್ಚದ ಗೈಡು ಸಾಹೇಬರು ತಾವೇ ಚಹಾ ತರಿಸಿ ಕುಡಿಸಿದ್ದರು. ಇಂಥದನ್ನು ಫೋನಿನಲ್ಲಿ ಹೇಳಿದರೆ ಏನು ರುಚಿ? ಅಪ್ಪನ ಎದುರಿಗೇ ನಿಂತು ಹೇಳಬೇಕು.

ಅಪ್ಪ ಗೋಣೆಪ್ಪ ಮೆಣಸಿನಕಾಯಿ ದಲ್ಲಾಳಿ. ಸಕ್ಕರೆ ಕಾಯಿಲೆ ಅವನಿಗೆ ಬಹಳ ಹಳೆಯದು. ಮಗಳು ಈ ವಿಷಯ ಹಿಡಿದದ್ದೂ ಅವನಿಂದಾಗಿಯೇ.

ಅಂಗಡಿಯಲ್ಲಿ ಅವನಿರಲಿಲ್ಲ. ಹಮಾಲರು ಕೋಲ್ಡ್ ಸ್ಟೋರೇಜಿನತ್ತ ಕೈ ತೋರಿಸಿದರು. ಕೆಂಪು ರಾಶಿಗಳ ನಡುವೆ ಗಂಗಾ ಸೀನುತ್ತಲೇ ಓಡಿದಳು. ಕಟ್ಟಡದ ಹಿಂಬದಿಯಲ್ಲಿ, ಒಳಗೆ ದೊಡ್ಡ ಮೋಟಾರು ಗುಂಯ್‌ಗುಡುವ ಗೋಡೆಗೆ ಬೆನ್ನು ಹಚ್ಚಿ, ಖಾಲಿ ಚೀಲದ ಮೇಲೆ ಗೋಣೆಪ್ಪ ಕೂತಿದ್ದ. ಪಕ್ಕದಲ್ಲಿ ಗೆಳೆಯ ಕೊಟ್ರಪ್ಪನದೂ ಅದೇ ಭಂಗಿ. ಅವನಿಗೂ ಸಕ್ಕರೆ ಕಾಯಿಲೆ.

"ಬಾ ಗಂಗವ್ವ, ನಿನ್ನ ವಿದ್ಯಾನ ನಡಸೇವಿ," ಎಂದ ಗೋಣೆಪ್ಪ. "ಕರೆಂಟಿನ ಸೆಳೆತಕ್ಕ ಕಣ ಹೆಚ್ಚು ಇನ್ಸುಲಿನ್ ಬಿಡತಾವಂತ ದಸರಾಕ್ಕ ಬಂದಾಗ ನೀನ ಹೇಳಿದ್ದಿ. ಈ ಮೋಟರಿನಾಗ ಅದು ಪುಕ್ಕಟೆ ಐತಿ. ಮುಂಜಾನೆ ಸಂಜಿ ಬಂದು ಕುಂದರತೇವಿ. ಇನ್ಸುಲಿನ್ ಸೂಜಿ ಬಿಟ್ಟೇನಿ."

ಗಂಗಾ ಆಗ ಅವನನ್ನು ಸರಿಯಾಗಿ ನೋಡಿದಳು. ಅಪ್ಪನ ತುಟಿಗಳು ಒಣಗಿ ಬಿರಿದಿದ್ದವು. ಅಂಗಿ ಬೇರೆಯವರದೆಂಬಂತೆ ಜೋಲುತ್ತಿತ್ತು. ಕೈಗೆ ಸಿಗುವಂತೆ ಒಂದು ಕೊಡ ನೀರು.

"ಬಿಡತಾವು ಅಂದಿದ್ದಿಲ್ಲಪ್ಪಾ, ಬಿಡಬಹುದು ಅಂದಿದ್ದೆ. ಈಗ ಅದನ್ನ ಹೇಳಾಕ ಬಂದೇನಿ. ಉಲ್ಟಾ ಆತು. ಕರೆಂಟ್ ಹಚ್ಚಿದಾಗ ಅವು ಕಡಿಮಿ ಬಿಟ್ವು."

ಕೊಟ್ರಪ್ಪ ಬೆನ್ನನ್ನು ಮೆಲ್ಲಗೆ ಗೋಡೆಯಿಂದ ಬಿಡಿಸಿಕೊಂಡ.

"ಅಂದ್ರ ನೀ ಅಂದ್ಕೊಂಡಿದ್ದು ತಪ್ಪಾತು?" ಎಂದ ಗೋಣೆಪ್ಪ.

"ಪೂರ್ತಿ ತಪ್ಪಾತು."

"ಮತ್ತ ಇಷ್ಟು ಖುಷೀಲೆ ಓಡಿ ಬಂದೀದಿ?"

"ಇಷ್ಟು ದಿನ ಬರೇ ಅಂದಾಜು ಇತ್ತಪ್ಪಾ. ಈಗ ಗೊತ್ತಾತು."

ಇಡೀ ಪೇಟೆಗೆ ಮಗಳ ವಿದ್ಯೆ ಸಾರಿಕೊಂಡು ಬಂದ ಗೋಣೆಪ್ಪ ಅಷ್ಟು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. "ಅವು ಇಲಿ ಕಣ. ನಾ ಏನು ಇಲಿ ಏನು?"

"ಹೆಚ್ಚಾಗತೈತಿ ಅಂದಾಗ ಇಲಿ ಆಗಾಕ ತಯಾರಿದ್ದಿ. ಕಡಿಮಿ ಅಂದ ಕೂಡಲೇ ಮನಷ್ಯಾ ಆದೇನು?"

ಕೊಟ್ರಪ್ಪ ಕೆಮ್ಮು ಬರುವಷ್ಟು ನಕ್ಕ. ಗೋಣೆಪ್ಪ ನಗಲಿಲ್ಲ. ಗಂಗಾ ಅವನ ಮುಂದೆ ಧೂಳಿನಲ್ಲೇ ಕುಳಿತಳು.

"ನಿನ್ನ ಮೈಯಾಗ ಈ ಮೋಟರ್ ಏನ್ ಮಾಡತೈತಿ, ನನಗ ಖರೇನ ಗೊತ್ತಿಲ್ಲ. ಸೂಜಿ ಬಿಟ್ರ ಏನಾಗತೈತಿ ಅನ್ನೂದು ಮಾತ್ರ ಗೊತ್ತೈತಿ. ನನಗ ಅಂಜಿಕಿ ಆಗಾಕತ್ತೈತಿ. ಏಳಪ್ಪಾ, ಲಗೂನ ದವಾಖಾನಿಗೆ ಹೋಗೂಣು."

ಗೋಣೆಪ್ಪ ಮಗಳ ಮುಖವನ್ನೇ ನೋಡಿದ. ಆಮೇಲೆ ಎಬ್ಬಿಸೆಂದು ಕೈ ಚಾಚಿದ. ಎಳೆದರೆ ಅಪ್ಪ ಎಷ್ಟು ಹಗುರಾಗಿದ್ದ! ಕೊಟ್ರಪ್ಪನೂ ಚೀಲ ಕೊಡವಿ ಹಿಂದೆ ಬಂದ.

ದವಾಖಾನೆಯಲ್ಲಿ ರಕ್ತ ನೋಡಿದ ಡಾಕ್ಟರು ಗೋಣೆಪ್ಪನಿಗೆ ಛೀಮಾರಿ ಹಾಕಿದರು, ಇನ್ನೊಂದು ವಾರ ಕಳೆದಿದ್ದರೆ ಕಷ್ಟವಿತ್ತೆಂದರು. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಆದರೆ ಹೊರಗಿನ ಬೆಂಚಿಗೆ ಬಂದು ಕೂತದ್ದೇ ತಡ, ಕಾದು ಕುಳಿತವರ ಕಡೆ ತಿರುಗಿದ.

"ಮೋಟರಿನ ಗ್ವಾಡಿಗೆ ಯಾರೂ ಕುಂದರಬ್ಯಾಡ್ರಿ. ಕರೆಂಟಿನ ಸೆಳೆತಕ್ಕ ಇನ್ಸುಲಿನ್ ಕಡಿಮಿ ಆತಂತ ನಮ್ಮ ಗಂಗವ್ವ ಕಂಡ ಹಿಡದಾಳ. ಇಲೀದು ಹೌದು, ಆದ್ರ ಇಲೀದಾದ್ರೂ ಯಾರಿಗೆ ಗೊತ್ತಿತ್ತು?"

ಜನ ಹತ್ತಿರ ಸರಿದು ಕೂತರು. ಗೋಣೆಪ್ಪ ಕೈಯಾಡಿಸುತ್ತ ಮೊದಲಿನಿಂದ ಶುರು ಮಾಡಿದ. ಗಂಗಾ ಅವನ ಅಂಗಿಯ ಅಂಚನ್ನು ಹೊಟ್ಟೆಯಿಂದ ಮೇಲೆತ್ತಿ ಹಿಡಿದಿದ್ದಳು. ನರ್ಸು ಇನ್ಸುಲಿನ್ ಸೂಜಿ ಹಿಡಿದುಕೊಂಡು, ಅವನ ಮಾತು ಮುಗಿಯಲೆಂದು ಕಾಯುತ್ತ ನಿಂತಿದ್ದಳು.