ಅಂಗಿಯ ಎರಡನೆಯ ಗುಂಡಿ

ಚರ್ಚಿನ ಹಿಂಬದಿಯ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಎದುರುಬದುರು ಕುಳಿತು ಡಬಲ್ ಬೀನ್ಸ್ ಸುಲಿಯುತ್ತಿದ್ದರು. ಭಾನುವಾರದ ಊಟಕ್ಕೆ ಎರಡು ಬುಟ್ಟಿ ಕಾಯಿ ಮುಗಿಯಬೇಕಿತ್ತು. ಒಡೆಸ್ಸಾಳ ಬೆರಳುಗಳು ತಮ್ಮಷ್ಟಕ್ಕೆ ಓಡುತ್ತಿದ್ದವು. ವರ್ಡೆಲ್ಲಳ ಕೈ ಮಾತ್ರ ಆಗಾಗ ನಿಲ್ಲುತ್ತಿತ್ತು.

"ಏನೇ, ಸಿಪ್ಪೆ ಪಾತ್ರೆಗೆ ಹಾಕಿ ಬೀಜ ಎಸೀತಿದೀಯ," ಎಂದಳು ಒಡೆಸ್ಸಾ ಕೊನೆಗೆ. "ಪಾದ್ರಿಗಳಿಗೆ ಇರೋದೇ ನಾಲ್ಕು ಹಲ್ಲು. ಅದನ್ನೂ ಉದುರಿಸ್ತೀಯಾ?"

ವರ್ಡೆಲ್ ನಗಲಿಲ್ಲ. "ಅಕ್ಕ, ನಿನ್ ಮಗನ ಕೇಸಿಗೆ ಜೂರಿ ಆರಿಸುವಾಗ ನನ್ನನ್ನೂ ಕರೆಸಿದ್ರು."

"ಗೊತ್ತು ಬಿಡು. ನಾನು ಹಿಂದಿನ ಬೆಂಚಲ್ಲೇ ಕೂತಿದ್ದೆನಲ್ಲ."

ವರ್ಡೆಲ್ ತಲೆ ಎತ್ತಿದಳು. ಹತ್ತೊಂಬತ್ತು ವರ್ಷ ಈ ಮಾತನ್ನು ನುಂಗಿಕೊಂಡಿದ್ದಳು. ಮಗ ಲಮಾರ್‌ನನ್ನು ನೋಡಲು ಒಡೆಸ್ಸಾ ಜೈಲಿಗೆ ಹೋಗುವಾಗ ಎಷ್ಟೋ ಸಲ ಇವಳೇ ಕಾರು ಓಡಿಸಿದ್ದಳು. ಆಗಲೂ ಬಾಯಿ ಬಿಟ್ಟಿರಲಿಲ್ಲ.

"ಮತ್ತೆ ಒಂದಿನಾನೂ ಕೇಳ್ಲಿಲ್ವಲ್ಲ ನೀನು?"

"ಏನಂತ ಕೇಳ್ಲಿ? ಎಬ್ಬಿಸಿ ಕಳಿಸಿದ್ರು. ನೀನೇನ್ ಮಾಡ್ತೀಯ?"

"ಹೊರಗೆ ಬಂದಾಗ ನಂಗೆ ಖುಷಿಯಾಗಿತ್ತಕ್ಕ. ಬಚಾವಾದೆ ಅಂತ."

ಒಡೆಸ್ಸಾ ಇನ್ನೊಂದು ಕಾಯಿ ಬಿಡಿಸಿದಳು. "ಯಾರಿಗಾದ್ರೂ ಆಗೋದೇ," ಎಂದಳು.

ಲಮಾರ್ ಗುಂಡು ಹಾರಿಸಿದ್ದು ನಿಜ. ಅವನ ತಾಯಿಯೂ ಅದನ್ನು ಅಲ್ಲಗಳೆದವಳಲ್ಲ. ಸತ್ತವನು ಬಿಳಿಯ ಅಂಗಡಿಯವನು. ಅಲಬಾಮಾದ ಆ ಊರಿನಲ್ಲೇ, ಅದೇ ವರ್ಷ, ಬಿಳಿಯ ಹುಡುಗನೊಬ್ಬ ಕಪ್ಪು ಟ್ಯಾಕ್ಸಿಯವನನ್ನು ಹಾಗೆಯೇ ಕೊಂದಿದ್ದ. ಅವನಿಗೆ ಜೀವಾವಧಿಯಾಯಿತು, ಲಮಾರ್‌ಗೆ ಮರಣದಂಡನೆ. ಅದನ್ನು ಕೊಟ್ಟ ಜೂರಿಯ ಹನ್ನೆರಡು ಮಂದಿಯೂ ಬಿಳಿಯರು. ಕರೆಸಿದ್ದ ಒಂಬತ್ತು ಕಪ್ಪು ಜನರನ್ನು ಸರ್ಕಾರಿ ವಕೀಲ ಒಬ್ಬೊಬ್ಬರನ್ನಾಗಿ ಬೇಡವೆಂದಿದ್ದ.

ಯಾಕೆ ಬೇಡವೆಂದು ಅವನು ಬರೆದುಕೊಂಡಿದ್ದ ಹಾಳೆ ಈಗ ಸಿಕ್ಕಿತ್ತು. ಲಮಾರ್‌ನ ಹೊಸ ವಕೀಲೆ ಟಮಿಕಾ ಹೋದ ವಾರ ಅದನ್ನು ವರ್ಡೆಲ್ಲಳ ಮುಂದೆ ಹಿಡಿದಿದ್ದಳು. ವರ್ಡೆಲ್ಲಳ ಹೆಸರಿನ ಪಕ್ಕದಲ್ಲಿ, 'ಮುಖ ನೋಡುವುದಿಲ್ಲ. ಏನೋ ಬಚ್ಚಿಡುತ್ತಾಳೆ.' ನಾಲ್ಕು ಸಾಲು ಕೆಳಗೆ, ಜೂರಿಯಲ್ಲಿ ಉಳಿದ ಒಬ್ಬ ಬಿಳಿಯ ಹೆಂಗಸಿನ ಪಕ್ಕದಲ್ಲಿ, 'ತಲೆ ತಗ್ಗಿಸಿಯೇ ಮಾತು. ನಾಚಿಕೆ ಸ್ವಭಾವ. ಒಳ್ಳೆಯವಳು.'

ವರ್ಡೆಲ್ ಏನನ್ನೂ ಬಚ್ಚಿಟ್ಟಿರಲಿಲ್ಲ. ಬಿಳಿಯ ದೊಡ್ಡವರ ಕಣ್ಣಿಗೆ ಕಣ್ಣು ಕೊಡಬಾರದು, ಅಂಗಿಯ ಎರಡನೆಯ ಗುಂಡಿಯನ್ನು ನೋಡಬೇಕು, ಹಾಗೆ ಮಾಡಿದರೆ ಮರ್ಯಾದೆಯೂ ಆಯಿತು, ಜೀವವೂ ಉಳಿಯಿತು ಎಂದು ಅಜ್ಜಿ ಕಲಿಸಿದ್ದಳು. ಅವತ್ತು ಅದನ್ನೇ ಮಾಡಿದ್ದಳು. ಆ ವಕೀಲನ ಗುಂಡಿಯನ್ನು ನೀಲಿ ದಾರದಲ್ಲಿ ಹೊಲಿದಿದ್ದರು ಎನ್ನುವುದು ಈಗಲೂ ನೆನಪಿತ್ತು.

"ಗುರುವಾರ ಸಾಕ್ಷಿ ಹೇಳ್ತೀನಿ ಅಂತ ಒಪ್ಕೊಂಡಿದೀನಿ," ಎಂದಳು. "ಬಣ್ಣ ನೋಡಿ ಜೂರಿ ಆರಿಸಿದ್ದು ಮೋಸ ಅಂತ ಜಡ್ಜ್ ಒಪ್ಪಿದ್ರೆ ಕೇಸು ಮತ್ತೆ ಮೊದಲಿಂದ ನಡೆಯುತ್ತಂತೆ."

"ಇಲ್ದಿದ್ರೆ ನವೆಂಬರ್ ಹದಿನಾಲ್ಕು," ಎಂದಳು ಒಡೆಸ್ಸಾ. ಮರಣದಂಡನೆಗೆ ಆ ದಿನ ಆಗಲೇ ನಿಗದಿಯಾಗಿತ್ತು.

"ನಂಗೆ ತಲೆ ಎತ್ತೋಕೆ ಆಗ್ದೇ ಇದ್ರೆ?"

"ಎತ್ತೇ. ನಿನ್ ಮುಖ ಅಷ್ಟೇನೂ ಕೆಟ್ಟದಾಗಿಲ್ಲ," ಎಂದಳು ಒಡೆಸ್ಸಾ. ಈ ಸಲ ಸಿಪ್ಪೆಯನ್ನು ಪಾತ್ರೆಗೆ ಹಾಕಿದವಳು ಅವಳೇ.

ಗುರುವಾರ ವರ್ಡೆಲ್ ಕಟಕಟೆ ಹತ್ತಿದಳು. ಟಮಿಕಾಳ ಪ್ರಶ್ನೆಗಳಿಗೆ ಸರಾಗವಾಗಿಯೇ ಉತ್ತರಿಸಿದಳು. ಆಮೇಲೆ ಸರ್ಕಾರದ ಕಡೆಯ ವಕೀಲ ಎದ್ದ. ಇವನು ಬೇರೆಯವನು, ಚಿಕ್ಕ ವಯಸ್ಸಿನವನು, ಬಿಳಿಯ. ಮೆತ್ತಗೆ ಮಾತಾಡುತ್ತಿದ್ದ.

"ಅವತ್ತು ನೀವು ವಕೀಲರ ಮುಖ ನೋಡ್ಲಿಲ್ಲ. ಹೌದು ತಾನೇ, ಅಮ್ಮ?"

"ಹೌದು ಸ್ವಾಮಿ."

"ಈಗ ನನ್ನ ಮುಖಾನೂ ನೋಡ್ತಿಲ್ಲ."

ಆಗಲೇ ಅವಳಿಗೆ ಅರಿವಾದದ್ದು. ಅವಳ ಕಣ್ಣು ಅವನ ಅಂಗಿಯ ಎರಡನೆಯ ಗುಂಡಿಯ ಮೇಲೆ ತಾನಾಗಿಯೇ ಕುಳಿತಿತ್ತು.

"ನೋಡಿ ಸ್ವಾಮಿ," ಎಂದು ಅವನು ಜಡ್ಜ್ ಕಡೆ ತಿರುಗಿದ. "ಹಾಳೆಯಲ್ಲಿ ಬರೆದದ್ದು ಇದ್ದದ್ದನ್ನೇ. ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ನನ್ನದಾಯಿತು."

ಟಮಿಕಾ ಕಣ್ಣು ಮುಚ್ಚಿಕೊಂಡಳು. ಇಳಿಯಬಹುದು ಎಂದು ಜಡ್ಜ್ ಕೈಸನ್ನೆ ಮಾಡಿದರು. ವರ್ಡೆಲ್ ಇಳಿಯಲಿಲ್ಲ. ಹಿಂದಿನ ಬೆಂಚಿನಲ್ಲಿ ಒಡೆಸ್ಸಾ ಚರ್ಚಿನ ಟೊಪ್ಪಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಕ್ಕೆ ಬಾಗಿ ಕುಳಿತಿದ್ದಳು, ಹತ್ತೊಂಬತ್ತು ವರ್ಷದ ಹಿಂದೆಯೂ ಹೀಗೇ ಕುಳಿತಿದ್ದಳೇನೋ.

ವರ್ಡೆಲ್ ಮೊದಲು ಜಡ್ಜ್ ಅಂಗಿಯ ಕುತ್ತಿಗೆಪಟ್ಟಿ ನೋಡಿದಳು, ಆಮೇಲೆ ಗದ್ದ, ಆಮೇಲೆ ಕಣ್ಣು. ಅವು ಬೂದು ಬಣ್ಣದ, ದಣಿದ ಕಣ್ಣುಗಳಾಗಿದ್ದವು.

"ಸ್ವಾಮಿ, ನ್ಯಾಯವಾಗಿ ತೀರ್ಪು ಕೊಡ್ತೀಯಾ ಅಂತ ಅವತ್ತು ನನ್ನನ್ನ ಕೇಳಿದ್ರಲ್ಲ, ಅದನ್ನ ಇನ್ನೊಂದ್ಸಲ ಕೇಳಿ," ಎಂದಳು. "ನಿಮ್ಮ ಮುಖ ನೋಡ್ಕೊಂಡೇ ಹೇಳ್ತೀನಿ."

ಟೈಪು ಮಾಡುತ್ತಿದ್ದ ಹೆಂಗಸಿನ ಬೆರಳುಗಳು ನಿಂತವು. ಚಿಕ್ಕ ವಕೀಲ ತನ್ನ ಕಾಗದಗಳನ್ನು ನೋಡಿಕೊಂಡ. ಜಡ್ಜ್ ಕೂಡ ಕಾಗದಗಳನ್ನೇ ನೋಡತೊಡಗಿದರು.

"ಕೇಳಿ ಸ್ವಾಮಿ," ಎಂದಳು ವರ್ಡೆಲ್.