ನೂರಾ ಹನ್ನೆರಡನೇ ಪುಟದ ಶೌಚಾಲಯ

ನಮ್ಮ ನಗರಸಭೆಯ ಬಜೆಟ್ ಪುಸ್ತಕದ ನೂರಾ ಹನ್ನೆರಡನೇ ಪುಟದಲ್ಲಿ ಒಂದು ಮಹಿಳಾ ಶೌಚಾಲಯವಿದೆ. ತರಕಾರಿ ಮಾರುಕಟ್ಟೆಯ ಹಿಂಭಾಗ, ಆರು ಕೋಣೆ, ಒಂದು ನೀರಿನ ತೊಟ್ಟಿ. ನಾಲ್ಕು ವರ್ಷದಲ್ಲಿ ಅದಕ್ಕೆ ಎರಡು ಸಲ ಸುಣ್ಣ ಬಣ್ಣವಾಗಿದೆ, ಬಾಗಿಲುಗಳನ್ನು ಬದಲಾಯಿಸಿದ್ದಾರೆ, ಹೋದ ವರ್ಷ ಹೊಸ ಬಲ್ಬುಗಳನ್ನೂ ಹಾಕಿದ್ದಾರೆ. ಇಷ್ಟೆಲ್ಲ ಆರೈಕೆ ಮಾಡಿಸಿಕೊಂಡ ಆ ಶೌಚಾಲಯವನ್ನು ಇದುವರೆಗೆ ಯಾರೂ ಕಟ್ಟಿಲ್ಲ. ಅಲ್ಲಿರುವುದು ಕೊಳೆತ ಎಲೆಕೋಸಿನ ರಾಶಿ ಮತ್ತು ಗಾಲಿ ಮುರಿದ ಒಂದು ಕೈಗಾಡಿ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಹಿರಿಯರು ನಗುತ್ತಿದ್ದರು. ನಮ್ಮಲ್ಲಿ ಕೂಸು ಹುಟ್ಟಲೇ ಇಲ್ಲ, ಆಗಲೇ ನಾಲ್ಕು ಕುಲಾವಿ ಹರಿದುಹೋಗಿವೆ. ಬೇರೆ ಯಾರಾದರೂ ಈ ಕೆಲಸ ಮಾಡಿದ್ದರೆ ಬಾಯಿತುಂಬ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮಾಡಿದವಳು ನಾನೇ.

ನಾನು ಬಜೆಟ್ ವಿಭಾಗದ ಗುಮಾಸ್ತೆ. ಇಪ್ಪತ್ತೆರಡು ವರ್ಷದಿಂದ ಅದೇ ಮೇಜು, ಒಂದು ಕಾಲು ಅಲುಗಾಡುವ ಅದೇ ಕುರ್ಚಿ. ಬಜೆಟ್ ಎಂದರೆ ದೊಡ್ಡ ದೊಡ್ಡವರು ಕೂತು ತಲೆ ಕೆಡಿಸಿಕೊಂಡು ಬರೆಯುವಂಥದ್ದು ಎಂದು ಹೊರಗಿನವರು ತಿಳಿದಿದ್ದಾರೆ. ಹಾಗೇನಿಲ್ಲ. ಹೋದ ವರ್ಷದ ಪುಸ್ತಕ ತೆಗೆದು ಇಸವಿ ಬದಲಾಯಿಸುವುದು, ಅಷ್ಟೇ. ಪುಸ್ತಕದಲ್ಲಿ ಎರಡು ಭಾಗ. ಮೊದಲನೆಯದು ಹೊಸ ಕಾಮಗಾರಿಗಳದ್ದು. ಅಲ್ಲಿ ಖರ್ಚಾಗದೆ ಉಳಿದ ಹಣವನ್ನು ವರ್ಷದ ಕೊನೆಯ ತಿಂಗಳಲ್ಲಿ ಯಾರು ಬೇಕಾದರೂ ಎಳೆದುಕೊಳ್ಳಬಹುದು. ಎರಡನೆಯದು ನಿರ್ವಹಣೆಯದ್ದು, ಅಂದರೆ ಈಗಾಗಲೇ ಇರುವುದನ್ನು ನೋಡಿಕೊಳ್ಳುವ ಹಣ. ಅದಕ್ಕೆ ಯಾರೂ ಕೈಹಾಕುವುದಿಲ್ಲ, ವರ್ಷ ವರ್ಷವೂ ನೂರಕ್ಕೆ ಹತ್ತರಂತೆ ತಾನೇ ಬೆಳೆಯುತ್ತದೆ.

ಮಾರುಕಟ್ಟೆಯ ಶೌಚಾಲಯ ಏಳು ವರ್ಷ ಮೊದಲನೆಯ ಭಾಗದಲ್ಲಿತ್ತು. ಏಳು ವರ್ಷವೂ ಸದಸ್ಯರೆಲ್ಲ ಮೇಜು ತಟ್ಟಿ ಒಪ್ಪಿದರು. ಏಳು ವರ್ಷವೂ ಕೊನೆಯ ತಿಂಗಳಲ್ಲಿ ಅದರ ಹಣ ಎಲ್ಲಿಗೋ ಹೋಯಿತು. ಒಮ್ಮೆ ಉದ್ಯಾನದ ಬೆಂಚುಗಳಿಗೆ, ಒಮ್ಮೆ ಊರ ಮುಂದಿನ ಸ್ವಾಗತ ಕಮಾನಿಗೆ, ಮರುವರ್ಷ ಆ ಕಮಾನಿನ ಮೇಲಿನ ದೀಪಗಳಿಗೆ. ಎಂಟನೆಯ ವರ್ಷ ನನಗೆ ತಲೆಕೆಟ್ಟಿತು. ಯಾರ ಕೈಗೂ ಸಿಗದ ಹಾಗೆ ಆ ಸಾಲನ್ನು ಎತ್ತಿ ನಿರ್ವಹಣೆಯ ಭಾಗದಲ್ಲಿ ಬಚ್ಚಿಟ್ಟೆ. ಒಂದು ವರ್ಷ ಅಲ್ಲಿ ಭದ್ರವಾಗಿರಲಿ, ಆಮೇಲೆ ಹೊರಗೆ ತಂದು ಕಟ್ಟಿಸಿದರಾಯಿತು ಎಂದುಕೊಂಡೆ. ನಿರ್ವಹಣೆಗೆ ಸೇರಿಸಬೇಕಾದರೆ ನೋಂದಣಿ ಪುಸ್ತಕದಲ್ಲಿ ಕಟ್ಟಡ ಎಲ್ಲಿದೆ, ಎಷ್ಟು ಕೋಣೆ, ಬೀಗದ ಕೈ ಯಾರ ಬಳಿ ಎಂದೆಲ್ಲ ತುಂಬಬೇಕು. ತುಂಬಿದೆ. ಬೀಗದ ಕೈ: ಬಜೆಟ್ ವಿಭಾಗ.

ಮೂರು ತಿಂಗಳಾಗಿರಲಿಲ್ಲ, ಇಂಜಿನಿಯರ್ ಕಚೇರಿಯಿಂದ ಆ ಶೌಚಾಲಯಕ್ಕೆ ಸುಣ್ಣ ಬಣ್ಣ ಹೊಡೆದ ಬಿಲ್ಲು ಬಂತು.

ನಮ್ಮ ಇಂಜಿನಿಯರಿಗೆ ಕಚೇರಿಯಲ್ಲಿ ಮಾಡೋಣ ಸಾಹೇಬರು ಎಂದು ಹೆಸರು. ಏನು ಕೇಳಿದರೂ "ಮಾಡೋಣ" ಎನ್ನುತ್ತಾರೆ. ಮಾಡಿದ್ದನ್ನು ಕಂಡವರು ಕಡಿಮೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ನೋಡಿದ್ದೇನೆ. ಇವರು ಹಾಲನ್ನೂ ಕರೆದು ಬಿಲ್ಲು ಕಳಿಸಿದ್ದರು. ಕೈಯಲ್ಲಿ ಕಾಗದ ಹಿಡಿದು ಅವರ ಕೋಣೆಗೆ ಹೋದೆ.

"ಸಾರ್, ಇಲ್ಲದಿರೋ ಗೋಡೆಗೆ ಬಣ್ಣ ಹೇಗೆ ಹೊಡೆದ್ರಿ?"

"ಯಾಕಮ್ಮ, ನೋಂದಣಿ ಪುಸ್ತಕದಲ್ಲಿ ಇದೆಯಲ್ಲ. ಅದೂ ನಿಮ್ಮದೇ ಅಕ್ಷರ," ಎಂದು ಅವರು ಚಹಾ ಹೀರಿದರು.

ಸುಮ್ಮನೆ ವಾಪಸು ಬಂದೆ. ಬರೆದದ್ದು ಒಂದು ತಪ್ಪು, ಸುಮ್ಮನಾದದ್ದು ಅದಕ್ಕಿಂತ ದೊಡ್ಡ ತಪ್ಪು. ಆಮೇಲೆ ಹೊಸ ಶೌಚಾಲಯ ಬೇಕೆಂದು ಟಿಪ್ಪಣಿ ಬರೆದಾಗಲೆಲ್ಲ ಒಂದೇ ಉತ್ತರ ಬರುತ್ತಿತ್ತು: ಸದರಿ ಸ್ಥಳದಲ್ಲಿ ಸುಸ್ಥಿತಿಯಲ್ಲಿರುವ ಶೌಚಾಲಯವಿರುವುದರಿಂದ ಮತ್ತೊಂದಕ್ಕೆ ಅವಕಾಶವಿಲ್ಲ.

ಆ ಮಾರುಕಟ್ಟೆಯಲ್ಲಿ ನನ್ನ ಅಕ್ಕ ಸೊಪ್ಪು ಮಾರುತ್ತಾಳೆ. ಬೆಳಗಿನ ಐದಕ್ಕೆ ಕೂತರೆ ಏಳುವುದು ಮಧ್ಯಾಹ್ನ ಮೂರಕ್ಕೆ. ಅಷ್ಟು ಹೊತ್ತೂ ಸೊಪ್ಪಿಗೆ ನೀರು ಚಿಮುಕಿಸುತ್ತಲೇ ಇರುತ್ತಾಳೆ, ತಾನು ಮಾತ್ರ ಒಂದು ಗುಟುಕು ಕುಡಿಯುವುದಿಲ್ಲ. ಕುಡಿದರೆ ಹೋಗಬೇಕು, ಹೋಗಲು ಜಾಗವಿಲ್ಲ. ನಗರಸಭೆ ರಸ್ತೆಯಾಚೆಗೇ ಇದೆ, ಆದರೆ ಬಾಗಿಲಲ್ಲಿ ಕಾವಲುಗಾರ ಕೋಲು ಅಡ್ಡ ಇಟ್ಟು "ಸಿಬ್ಬಂದಿಗೆ ಮಾತ್ರ" ಎನ್ನುತ್ತಾನೆ. ಅಲ್ಲಿನ ಅರವತ್ತು ಹೆಂಗಸರದ್ದೂ ಇದೇ ಪಾಡು.

ಈ ವರ್ಷ ನಾನು ಬಜೆಟ್ ಕರಡು ಬರೆಯುತ್ತಿದ್ದ ವಾರ, ಅಕ್ಕ ಹೊಟ್ಟೆ ಹಿಡಿದುಕೊಂಡು ಕೊತ್ತಂಬರಿ ಕಟ್ಟುಗಳ ಮೇಲೆಯೇ ಬಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದರು.

"ಒಂದು ಕಿಡ್ನಿ ಆಗಲೇ ಕುಗ್ಗಿಹೋಗಿದೆ. ಇನ್ನೊಂದು ಉಳೀಬೇಕು ಅಂದ್ರೆ ದಿನಕ್ಕೆ ಮೂರು ಲೀಟರ್ ನೀರು ಕುಡೀಬೇಕು. ತಡ್ಕೊಂಡು ಕೂರೋ ಹಾಗೇ ಇಲ್ಲ. ಹೇಳಿ ಅವರಿಗೆ."

ಹೇಳಿದೆ. ಅಕ್ಕ ಮಂಚದ ಮೇಲಿಂದಲೇ ಉರಿದುಬಿದ್ದಳು.

"ಕುಡಿದು? ಆ ಎಲೆಕೋಸಿನ ರಾಶಿ ಹಿಂದೆ ಕೂತ್ಕೊಳ್ಲಾ?"

"ಅಂಗಡಿ ಬಿಟ್ಟುಬಿಡು ಅಕ್ಕ."

"ಬಿಟ್ಟು ಏನು ತಿನ್ಲಿ, ನಿನ್ನ ಬಜೆಟ್ ಪುಸ್ತಕನಾ? ಹನ್ನೊಂದು ವರ್ಷದಿಂದ 'ಈ ಸಲ ಆಗತ್ತೆ ಅಕ್ಕ, ಈ ಸಲ ಆಗತ್ತೆ' ಅಂತಾನೇ ಇದೀಯ. ನನ್ನ ತಂಗೀನೇ ಬರೆಯೋದು ಅಂತ ನಾನು ಮಾರ್ಕೆಟ್ಟಿಗೆಲ್ಲ ಜಂಬ ಕೊಚ್ಚಿಕೊಂಡಿದೀನಿ. ನನ್ನ ಬಾಯಿಗೆ ಬೆಂಕಿ ಹಾಕ!"

ಬರೆದು ಹಾಳುಮಾಡಿದ್ದೇ ನಾನು ಎಂದು ಹೇಳಲು ಬಾಯಿ ಬರಲಿಲ್ಲ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ನನಗಿರುವುದು ಒಬ್ಬಳೇ ಅಕ್ಕ.

ಕಾಗದದ ಮೇಲಿರುವ ಕಟ್ಟಡ ಕಾಗದದ ಮೇಲೇ ಬೀಳಬೇಕು, ಬೇರೆ ದಾರಿಯಿಲ್ಲ. ಹಾಗಾಗಿ ಕರಡಿನಲ್ಲಿ ಒಂದು ಸಾಲು ಸೇರಿಸಿದೆ: ಮಾರುಕಟ್ಟೆಯ ಶಿಥಿಲ ಶೌಚಾಲಯವನ್ನು ಕೆಡವಿ ಹೊಸದನ್ನು ಕಟ್ಟುವುದು. ಯಾರೂ ಓದುವುದಿಲ್ಲ, ದಾಟಿಹೋಗುತ್ತದೆ ಎಂಬ ಧೈರ್ಯ. ಇಪ್ಪತ್ತೆರಡು ವರ್ಷದಲ್ಲಿ ಅವರು ಓದಿದ್ದು ನಾನು ಕಂಡಿರಲಿಲ್ಲ.

ಸಭೆಯ ದಿನ ನಾವು ಸಿಬ್ಬಂದಿ ಎಂದಿನಂತೆ ಗೋಡೆಗುಂಟ ಹಾಕಿದ ಕುರ್ಚಿಗಳಲ್ಲಿ ಕೂತೆವು. ಸ್ವಾಗತ ಕಮಾನಿಗೆ ಈ ಸಲ ಹಳದಿ ಬಣ್ಣವೋ ನೀಲಿಯೋ ಎಂಬ ಚರ್ಚೆಗೆ ಒಂದೂವರೆ ಗಂಟೆ ಹಿಡಿಯಿತು. ಕೊನೆಗೆ ಒಂದು ಕಂಬಕ್ಕೆ ಹಳದಿ, ಇನ್ನೊಂದಕ್ಕೆ ನೀಲಿ ಎಂದಾಯಿತು. ಒಳಚರಂಡಿಯ ಇಪ್ಪತ್ತು ಪುಟಗಳು ನಾಲ್ಕು ನಿಮಿಷದಲ್ಲಿ ಮುಗಿದವು. ನೂರಾ ಹನ್ನೆರಡು ಬಂದಾಗ ಮಾರುಕಟ್ಟೆ ವಾರ್ಡಿನ ಸದಸ್ಯರಿಗೆ ಅದೇಕೋ ನಿದ್ದೆ ತಿಳಿದು ಪುಸ್ತಕದ ಮೇಲೆ ಕಣ್ಣು ಬಿತ್ತು.

"ಹೆಣ್ಣುಮಕ್ಕಳ ಶೌಚಾಲಯ ಕೆಡವ್ತೀರಾ?" ಎಂದು ಎದ್ದು ನಿಂತರು. "ನಮ್ಮ ವಾರ್ಡಿನ ತಾಯಂದಿರು ದಿನಾ ಅಲ್ಲಿಗೇ ಹೋಗ್ತಾರೆ. ನಾನು ಬದುಕಿರೋವರೆಗೂ ಅದರ ಒಂದು ಇಟ್ಟಿಗೆ ಮುಟ್ಟೋಕೆ ಬಿಡಲ್ಲ!"

ಸಭೆಯೆಲ್ಲ ಮೇಜು ತಟ್ಟಿತು. ಮಾಡೋಣ ಸಾಹೇಬರು ಎದ್ದು, "ಕಟ್ಟಡ ಗಟ್ಟಿಮುಟ್ಟಾಗಿದೆ. ಹೋದ ತಿಂಗಳು ನಾನೇ ಖುದ್ದಾಗಿ ನೋಡಿ ಬಂದೆ," ಎಂದರು.

ಗುಮಾಸ್ತರು ಸಭೆಯಲ್ಲಿ ಬಾಯಿ ತೆಗೆಯುವಂತಿಲ್ಲ. ಆದರೂ ನಾನು ಎದ್ದೆ. ನಗರಸಭೆಯ ಅಧ್ಯಕ್ಷೆಯ ಕಡೆ ತಿರುಗಿದೆ.

"ಮೇಡಂ, ಅಲ್ಲಿ ಶೌಚಾಲಯ ಇಲ್ಲ. ಯಾವತ್ತೂ ಇರಲಿಲ್ಲ. ಇದೆ ಅಂತ ಸುಳ್ಳು ಬರೆದೋಳು ನಾನು. ನನ್ನ ಮೇಲೆ ಏನು ಬೇಕಾದ್ರೂ ಕ್ರಮ ತಗೊಳ್ಳಿ. ಆದ್ರೆ ಒಂದು ಸಲ ಆ ಕಿಟಕಿ ತೆಗೆದು ನೋಡಿ, ಮಾರ್ಕೆಟ್ಟಿನ ಹಿಂಭಾಗ ಇಲ್ಲಿಂದಾನೇ ಕಾಣತ್ತೆ."

ಅಧ್ಯಕ್ಷೆ ಇಂಜಿನಿಯರರ ಮುಖ ನೋಡಿದರು, ಇಂಜಿನಿಯರು ಲೆಕ್ಕಾಧಿಕಾರಿಯ ಮುಖ ನೋಡಿದರು, ಲೆಕ್ಕಾಧಿಕಾರಿ ಸೂರು ನೋಡಿದರು. ಶೌಚಾಲಯ ಇಲ್ಲವೆಂದರೆ ನಾಲ್ಕು ವರ್ಷದ ಬಿಲ್ಲುಗಳಿಗೆ ಸಹಿ ಹಾಕಿದವರು ಯಾರು ಎಂಬ ಮಾತು ಬರುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಒಬ್ಬ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಲ್ಲಿ ಒಂದು ಸಾಲು ಹೆಗಲುಗಳೇ ಇದ್ದವು. ಯಾರೂ ಕಿಟಕಿಯ ಹತ್ತಿರ ಹೋಗಲಿಲ್ಲ.

"ಪಾಪ, ಇವರ ಅಕ್ಕ ಆಸ್ಪತ್ರೇಲಿದಾರೆ ಮೇಡಂ, ಮನಸ್ಸು ಸರಿಯಿಲ್ಲ," ಎಂದರು ಮಾಡೋಣ ಸಾಹೇಬರು, ಬಹಳ ಮರುಕದಿಂದ.

"ನೀವು ಕೂತ್ಕೊಳಿ," ಎಂದು ಅಧ್ಯಕ್ಷೆ ನನಗೆ ಹೇಳಿ ಅವರ ಕಡೆ ತಿರುಗಿದರು. "ಅದರ ಬೀಗದ ಕೈ ಯಾರ ಹತ್ರ ಇದೆ?"

ಸಾಹೇಬರು ನೋಂದಣಿ ಪುಸ್ತಕ ತಿರುವಿದರು. "ಬಜೆಟ್ ವಿಭಾಗದಲ್ಲಿ ಮೇಡಂ."

"ನೋಡಿ! ಬೀಗ ಹಾಕ್ಕೊಂಡು ಕೂತಿರೋರೂ ಇವರೇ, ಕಟ್ಟಡಾನೇ ಇಲ್ಲ ಅನ್ನೋರೂ ಇವರೇ. ನಿರ್ಣಯ ಬರೆದುಕೊಳ್ಳಿ: ಬಜೆಟ್ ವಿಭಾಗ ತನ್ನ ವಶದಲ್ಲಿರೋ ಮಹಿಳಾ ಶೌಚಾಲಯದ ಬೀಗದ ಕೈಯನ್ನು ಮಾರುಕಟ್ಟೆಯ ಮಹಿಳೆಯರಿಗೆ ಕೂಡಲೇ ಕೊಡತಕ್ಕದ್ದು. ಕೆಡವೋ ಸಾಲು ತೆಗೆದುಹಾಕಿ. ನಿರ್ವಹಣೆಗೆ ಇನ್ನೂ ಸ್ವಲ್ಪ ಜಾಸ್ತಿ ಇಡಿ."

ಸರ್ವಾನುಮತ. ಮತ್ತೆ ಮೇಜು ತಟ್ಟಿದರು.

ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡವಳಂತೆ ನನ್ನ ಮೇಜಿಗೆ ಬಂದು ಕೂತೆ. ತಪ್ಪು ಮಾಡಿದೆ ಎಂದು ಮಂದಿಯ ಮುಂದೆ ಒಪ್ಪಿಕೊಂಡರೂ ನಂಬದ ಕಚೇರಿಯಲ್ಲಿ ಮನುಷ್ಯರು ಹೇಗೆ ಬದುಕಬೇಕು? ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಇಷ್ಟರ ಮೇಲೆ ಆ ನಿರ್ಣಯವನ್ನು ಶುದ್ಧ ಪ್ರತಿ ಮಾಡಿ ಮೊಹರು ಹಾಕಿಸುವ ಕೆಲಸವೂ ನನ್ನದೇ. ಪಿನ್ನು ಹುಡುಕಲು ಡ್ರಾಯರ್ ಎಳೆದೆ. ಪಿನ್ನಿನ ಡಬ್ಬಿಯ ಪಕ್ಕದಲ್ಲಿ ಕೆಂಪು ದಾರ ಕಟ್ಟಿದ ಬೀಗದ ಕೈ ಕಂಡಿತು.

ಅದು ನಮ್ಮ ಮಹಡಿಯ ಸಿಬ್ಬಂದಿ ಶೌಚಾಲಯದ್ದು, ಹೆಂಗಸರದ್ದು, ಸಭಾಂಗಣದ ಪಕ್ಕದಲ್ಲೇ ಇರುವುದು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವವಳು ನಾನಾದ್ದರಿಂದ ಅದು ಎಷ್ಟೋ ವರ್ಷದಿಂದ ನನ್ನ ಡ್ರಾಯರಿನಲ್ಲೇ ಇದೆ. ಬಜೆಟ್ ವಿಭಾಗದ ವಶದಲ್ಲಿ ಇನ್ನಾವ ಬೀಗದ ಕೈಯೂ ಇಲ್ಲ. ನಿರ್ಣಯಕ್ಕೆ ಮೊಹರು ಹಾಕಿಸಿ, ಆ ಕಾಗದವನ್ನೂ ಬೀಗದ ಕೈಯನ್ನೂ ಚೀಲಕ್ಕೆ ಹಾಕಿಕೊಂಡೆ.

ಸಂಜೆ ಆಸ್ಪತ್ರೆಗೆ ಹೋಗಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಸಾಲು ಬಚ್ಚಿಟ್ಟದ್ದು, ಬಿಲ್ಲು ಬಂದಾಗ ಬಾಯಿ ಮುಚ್ಚಿಕೊಂಡದ್ದು, ಇವತ್ತಿನ ನಿರ್ಣಯ, ಎಲ್ಲ.

"ನಾಲ್ಕು ವರ್ಷ," ಎಂದಳು. "ನಾಲ್ಕು ವರ್ಷ ನನ್ನ ಮುಖ ನೋಡ್ಕೊಂಡೇ ಸುಮ್ಮನಿದ್ದೆಯಲ್ಲೇ."

ಗೋಡೆಯ ಕಡೆ ಮಗ್ಗುಲಾದಳು. ಬೈದಿದ್ದರೆ ಚೆನ್ನಾಗಿತ್ತು. ತಿರುಗದೆಯೇ ಕೈ ಹಿಂದಕ್ಕೆ ಚಾಚಿದಳು.

"ಆ ಕಾಗದ ಕೊಡು. ಬೀಗದ ಕೈನೂ ಕೊಡು."

ಅಕ್ಕ ಮಾರುಕಟ್ಟೆಗೆ ಮರಳಿದ ದಿನ, ಬೆಳಿಗ್ಗೆ ಹತ್ತೂವರೆಗೆ, ನಗರಸಭೆಯ ಬಾಗಿಲಲ್ಲಿ ಗದ್ದಲ ಕೇಳಿಸಿತು. ಕಾವಲುಗಾರ ಕೋಲು ಅಡ್ಡ ಇಟ್ಟನಂತೆ, ಅಕ್ಕ ಮೊಹರಿನ ಕಾಗದ ಅವನ ಮೂಗಿಗೆ ಹಿಡಿದಳಂತೆ. ಮೆಟ್ಟಿಲ ಮೇಲೆ ಕೆಸರಿನ ಹೆಜ್ಜೆ, ಕೊತ್ತಂಬರಿ ಕಡ್ಡಿ, ಈರುಳ್ಳಿ ಸಿಪ್ಪೆ. ಸಭಾಂಗಣದ ಬಾಗಿಲು ದಾಟಿ, ಅಧ್ಯಕ್ಷೆಯ ಕೋಣೆ ದಾಟಿ, ನನ್ನ ಮೇಜಿನವರೆಗೂ ಹೆಂಗಸರ ಸಾಲು ನಿಂತಿತು. ಕುಂಬಳದವಳು ಆಲೂಗಡ್ಡೆಯವಳಿಗೆ ಬೇಗ ಬಾ ಎಂದು ಹೊರಗಿನಿಂದಲೇ ಗದರುತ್ತಿದ್ದಳು.

ಅಧ್ಯಕ್ಷೆ ತಮ್ಮ ಕೋಣೆಯಿಂದ ಅವಸರದಲ್ಲಿ ಹೊರಬಂದರು. ಅವರು ಹೋಗಬೇಕಾದದ್ದೂ ಅಲ್ಲಿಗೇ. ಹನ್ನೊಂದು ಜನರ ಹಿಂದೆ ನಿಲ್ಲಬೇಕಾಯಿತು. ನನ್ನ ಕಡೆ ನೋಡಿ ಹಲ್ಲು ಕಡಿದರು.

"ಏನ್ರೀ ಇದು?"

"ನಿಮ್ಮ ನಿರ್ಣಯ ಮೇಡಂ. ಬೀಗದ ಕೈ ಕೊಟ್ಟಿದೀನಿ."

"ಇದು ಸಿಬ್ಬಂದೀದು! ಇವರದ್ದು ಅಲ್ಲಿ, ಮಾರ್ಕೆಟ್ ಹಿಂದೆ..."

ನಾನು ಎದ್ದು ಕಿಟಕಿ ತೆಗೆದೆ. ಎಲೆಕೋಸಿನ ವಾಸನೆ ಒಳಗೆ ಬಂತು. ಅಧ್ಯಕ್ಷೆ ಈ ಸಲ ನೋಡಿದರು.

"ನಿಮಗೆ ನೋಟೀಸ್ ಕೊಡಿಸ್ತೀನಿ."

"ಕೊಡಿಸಿ ಮೇಡಂ. ಕಾರಣ ಏನಂತ ಬರೆಸ್ತೀರಾ?"

ಆ ನೋಟೀಸನ್ನು ಮಾಡೋಣ ಸಾಹೇಬರು ಮೂರು ಸಲ ಬರೆದು ಮೂರು ಸಲ ಹರಿದರು ಎಂದು ಕೇಳಿದೆ. ಮಾರುಕಟ್ಟೆಯವರು ಇಲ್ಲಿಗೆ ಬರಬಾರದು ಎಂದು ಬರೆದರೆ ಎಲ್ಲಿಗೆ ಹೋಗಬೇಕು ಎಂದು ಬರೆಯಬೇಕಾಗುತ್ತದೆ. ನೋಟೀಸು ಇನ್ನೂ ಬಂದಿಲ್ಲ. ಆದರೆ ಎರಡನೆಯ ವಾರದಲ್ಲೇ ಎಲೆಕೋಸಿನ ರಾಶಿ ಮಾಯವಾಗಿ, ಸಾಹೇಬರು ಟೇಪು ಹಿಡಿದು ಬಿಸಿಲಲ್ಲಿ ನಿಂತಿದ್ದು ನನ್ನ ಕಿಟಕಿಯಿಂದ ಕಂಡಿತು. ಈಗ ತಳಪಾಯ ಅಗೆಯುತ್ತಿದ್ದಾರೆ. ನನ್ನ ಮುಂದಿರುವ ಕಡತದಲ್ಲಿ ಅದಕ್ಕೆ ಸಣ್ಣಪುಟ್ಟ ದುರಸ್ತಿ ಎಂದು ಹೆಸರು. ಓದಿ ತಲೆ ಚಚ್ಚಿಕೊಂಡು ಸಹಿಗೆ ಕಳಿಸಿದೆ.

ಗೋಡೆ ಏಳುವವರೆಗೆ ಸಾಲು ಇಲ್ಲೇ ನಿಲ್ಲುತ್ತದೆ. ಅಕ್ಕ ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ದಿನಕ್ಕೆ ಎರಡು ಸಲ ಬರುತ್ತಾಳೆ. ವಾಪಸು ಹೋಗುವಾಗ ನನ್ನ ಮೇಜಿನ ಮುಂದೆ ನಿಂತು, ನನ್ನ ನೀರಿನ ಬಾಟಲಿ ಎತ್ತಿ, ಕೊನೆಯ ಹನಿಯವರೆಗೂ ಗಟಗಟನೆ ಕುಡಿದು, ಖಾಲಿ ಬಾಟಲಿಯನ್ನು ನನ್ನ ಕಡೆಗೆ ತಳ್ಳುತ್ತಾಳೆ.

"ತುಂಬಿಸಿಡು," ಎನ್ನುತ್ತಾಳೆ.

ತುಂಬಿಸಿಡುತ್ತೇನೆ.